ಗಟ್ಟಿಮೇಳಕ್ಕೆ ಊದಿಕೊಳ್ಳುವ ನನ್ನ ತಮ್ಮ

ನನ್ನ ತಮ್ಮ ಚಿಕ್ಕೀರಪ್ಪನಿಗೆ ಚಳ್ಳಕೆರೆಯಲ್ಲಿ ಕಂಬಳಿ ವ್ಯಾಪಾರ. ಮಾತಿನಲ್ಲಿ ಯಾರಿಗೂ ಸೋಲುವವನಲ್ಲ. ಆದರೆ ಮದುವೆಮನೆಯಲ್ಲಿ ಗಟ್ಟಿಮೇಳ ಮೊಳಗಿತೋ, ಮೈತುಂಬ ದದ್ದು ಏಳುತ್ತದೆ, ತುಟಿ ಬೋಂಡದಂತೆ ಊದುತ್ತದೆ. ಮುಹೂರ್ತದ ಹೊತ್ತಿಗೆ ಓಡಿಹೋಗಿ ಊಟದ ಹೊತ್ತಿಗೆ ಸರಿಯಾಗಿ ಬರುತ್ತಿದ್ದ.

ಬದನೆಕಾಯಿ ನಂಜೆಂದು ನಾವೆಲ್ಲ ಅದನ್ನು ಬಿಡಿಸಿದೆವು. ಆಮೇಲೆ ಶೇಂಗಾ ಬಿಡಿಸಿದೆವು. ಅವನು ಸಣ್ಣಗಾದ, ದದ್ದು ಸಣ್ಣಗಾಗಲಿಲ್ಲ.

ಅಷ್ಟರಲ್ಲಿ ಅವನ ಮಗಳು ಚಿತ್ರಾಳ ಮದುವೆ ಕೊಂಡ್ಲಹಳ್ಳಿಯ ಹುಡುಗನೊಂದಿಗೆ ಗೊತ್ತಾಯಿತು.

"ಅಕ್ಕಾ, ಧಾರೆ ಎರೆಯಾಕೆ ಜೋಗಪ್ಪ ಭಾವನ್ನ ಕೂರಿಸ್ಲಾ?" ಎಂದು ನನ್ನ ಗಂಡನ ಹೆಸರು ಹೇಳಿದ.

ಚಿತ್ರಾ ಅತ್ತಳು. "ಅಪ್ಪ ಎರೀಲಿಲ್ಲ ಅಂದ್ರೆ ನಾನು ಹಸೆಮಣೆ ಏರಲ್ಲ, ಅತ್ತೆ."

ನಾನೇ ಅವನನ್ನು ಚರ್ಮದ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದೆ. ಆಕೆ ಅವನ ಬಾಲ್ಯ ಕೇಳಿದಳು. ಅವನು ಗೋಡೆ ನೋಡುತ್ತ ಕೂತ, ನಾನು ಹೇಳಿದೆ. ಗುಡುಗಿಗೆ ಹೆದರುತ್ತಿದ್ದನೆಂದು ನಮ್ಮ ದೊಡ್ಡಪ್ಪ ಅವನನ್ನು ಖಾಲಿ ಎಣ್ಣೆ ಡ್ರಮ್ಮಿನೊಳಗೆ ಕೂರಿಸಿ, ಧೈರ್ಯ ಬರಲಿ ಎಂದು ಹೊರಗಿನಿಂದ ದೊಣ್ಣೆಯಲ್ಲಿ ಬಡಿಯುತ್ತಿದ್ದ. ಒಳಗೆ ಆ ಮಗು ಕಿರುಚಿದ್ದು ಈಗಲೂ ನನ್ನ ಕಿವಿಯಲ್ಲಿದೆ.

"ಎಲ್ಲರಿಗೂ ಹೀಗಾಗುತ್ತೆ ಅಂತಲ್ಲ," ಅಂದಳು ಡಾಕ್ಟರಮ್ಮ. "ಆದ್ರೆ ಚಿಕ್ಕಂದಿನಲ್ಲಿ ಅಷ್ಟು ಹೆದರಿದ ಮೈ ದೊಡ್ಡದಾದ್ರೂ ಕಾವಲು ಬಿಡಲ್ಲ. ಅಂಥದೇ ಸದ್ದು ಕೇಳಿದ್ರೆ, ರೋಗದ ಮೇಲೆ ಹೋಗಬೇಕಾದ ಮೈಯೊಳಗಿನ ಸೈನ್ಯ ನಿಮ್ಮ ಮೇಲೇ ಬೀಳುತ್ತೆ."

"ನಮ್ಮ ದೊಡ್ಡಪ್ಪ ಸತ್ತ ಸುದ್ದಿ ಆ ಸೈನ್ಯಕ್ಕೆ ಮುಟ್ಟಿಲ್ಲೇನ್ರಿ?" ಎಂದ ತಮ್ಮ.

ಡಾಕ್ಟರಮ್ಮ ನಕ್ಕು, ಮಾತ್ರೆ ಬರೆದು, ಉಸಿರು ಕಟ್ಟಿದರೆ ತಕ್ಷಣ ಬನ್ನಿ ಎಂದಳು.

ಮೇಳ ಬೇಡವೆಂದು ಬೀಗರನ್ನು ಕೇಳಿದೆವು. ಗಂಡಿನ ತಾತ ಚಿತ್ತಪ್ಪ ಸಿಡುಕಿದ: "ಸದ್ದಿಲ್ದಂಗೆ ತಾಳಿ ಕಟ್ಟಾಕೆ ನಾವೇನು ಕೋಳಿ ಕದೀತಾ ಇದೀವಾ?" ಕೊನೆಗೆ ಮೇಳದವರನ್ನು ಛತ್ರದ ಗೇಟಿನಾಚೆ ನಿಲ್ಲಿಸುವುದೆಂದು ಒಪ್ಪಂದವಾಯಿತು.

ಧಾರೆಯ ಹೊತ್ತು ಬಂತು. ತಮ್ಮ ಮಾತ್ರೆ ನುಂಗಿ ಗಿಂಡಿ ಹಿಡಿದು ನಿಂತ. ಐನೋರು ಅಭ್ಯಾಸಬಲದಿಂದ "ಗಟ್ಟಿಮೇಳ!" ಎಂದು ಕೂಗಿಬಿಟ್ಟರು. ಗೇಟಿನಾಚೆ ಇದ್ದವರು ಬಾರಿಸುತ್ತಲೇ ಒಳಗೆ ನುಗ್ಗಿದರು. ನೋಡನೋಡುತ್ತ ತಮ್ಮನ ಒಂದು ಕಣ್ಣು ಮುಚ್ಚಿತು, ತುಟಿ ಊದಿತು.

"ಲೇ, ಹೆಣ್ಣಿನಪ್ಪ ಎಲ್ಲೋದ? ಇವನ್ಯಾವನು?" ಎಂದ ಚಿತ್ತಪ್ಪ.

ತಮ್ಮ ಬಾಗಿಲ ಕಡೆ ನೋಡಿದ. ಚಿತ್ರಾ ಅವನ ಶಲ್ಯ ಹಿಡಿದುಕೊಂಡಳು. "ನಮ್ಮಪ್ಪ ಕಣ ತಾತ! ಮೊದ್ಲು ಮೇಳ ನಿಲ್ಸಿ!"

ಮೇಳ ನಿಂತಿತು. ಛತ್ರವೆಲ್ಲ ಗಪ್‌ಚಿಪ್. ಆ ಮೌನದಲ್ಲಿ ಅಡುಗೆಮನೆಯಿಂದ ಸ್ಪಷ್ಟವಾಗಿ ಕೇಳಿಸಿತು: "ಪಾಯಸಕ್ಕೆ ಉಪ್ಪು ಸುರಿದೋನು ಯಾವನಲೇ?"

ಐನೋರಿಂದ ಹಿಡಿದು ಎಲ್ಲರೂ ನಕ್ಕರು. ತಮ್ಮನೂ ನಕ್ಕ, ಊದದ ಅರ್ಧ ತುಟಿಯಲ್ಲಿ. ನಗುತ್ತಲೇ ಗಿಂಡಿ ಬಗ್ಗಿಸಿದ. ನೀರು ಮಗಳ ಕೈ ಮೇಲೆ ಅರ್ಧ, ಅಳಿಯನ ಹೊಸ ಪಂಚೆ ಮೇಲೆ ಅರ್ಧ ಬಿತ್ತು. ಧಾರೆಯಂತೂ ಆಯಿತು.