ಅಂಬಣ್ಣ ಕಲಿತ ಮರಾಠಿ

ಪುಣೆಗೆ ಬಂದು ಮೂರು ಮಳೆಗಾಲ ಕಳೆದಿದ್ದರೂ ಅಂಬಣ್ಣನಿಗೆ ಧೈರ್ಯವಾಗಿ ಬಾಯಿಗೆ ಬರುತ್ತಿದ್ದ ಮರಾಠಿ ವಾಕ್ಯ ಒಂದೇ. ಅದನ್ನೇ ಅವನು ದಿನವೆಲ್ಲ ಮನೆ ಮನೆಯ ಬಾಗಿಲಲ್ಲಿ ನಿಂತು ಹೇಳುತ್ತಿದ್ದ. ಅದು ತಪ್ಪು ವಾಕ್ಯ. ಎಂಥ ತಪ್ಪು ಎಂಬುದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಬಚ್ಚಿಟ್ಟು ಕೊನೆಗೆ ಹೇಳಿ ಶಹಬ್ಬಾಸ್ ಗಿಟ್ಟಿಸುವಂಥ ಸಂಗತಿ ಇದಲ್ಲ.

ಅಂಬಣ್ಣ ಹಗ್ಗ ಮಾರುವವನು. ಹಗ್ಗ ಮಾರಲು ಬಂದಿದ್ದೇನೆ ಎನ್ನಬೇಕಾದಲ್ಲಿ "ದೋರಿ ಮಾರಾಯಲಾ ಆಲೋ" ಎನ್ನುತ್ತಿದ್ದ. ದೋರಿ ಎಂದರೆ ಹಗ್ಗ, ಆಲೋ ಎಂದರೆ ಬಂದೆ. ಅಷ್ಟು ಸರಿ. ನಡುವಿನ ‘ಮಾರು’ ಮಾತ್ರ ಅವನ ಊರು ಸುರಪುರದ ಕಡೆಯ ಅಪ್ಪಟ ಕನ್ನಡದ್ದು. ಮರಾಠಿಯಲ್ಲಿ ಮಾರುವುದಕ್ಕೆ ವಿಕಣೇ ಅನ್ನುತ್ತಾರೆ. ಮಾರಣೇ ಎಂದರೆ ಬಡಿಯುವುದು, ಕೊಲ್ಲುವುದು. ಹೀಗಾಗಿ ಹೆಗಲ ಮೇಲೆ ಹಗ್ಗದ ಸುರುಳಿ ಹೊತ್ತ ಆಜಾನುಬಾಹು ಮನುಷ್ಯನೊಬ್ಬ ಬಾಗಿಲು ಬಡಿದು, ವಿನಯದಿಂದ ತಲೆ ಬಾಗಿಸಿ, ‘ತಾಯೀ, ಕೊಲ್ಲಲು ಬಂದಿದ್ದೇನೆ’ ಎನ್ನುತ್ತಿದ್ದ.

ಇದನ್ನು ಕಲಿಸಿದವನು ಅವ್ವಣ್ಣ. ಕಟ್ಟಡದ ಕೆಲಸದಲ್ಲಿ ಅಂಬಣ್ಣನ ಜೊತೆ ಉಸುಕು ಹೊತ್ತವನು. ತನ್ನನ್ನು ತಾನೇ ಮರಾಠಿ ಪಂಡಿತ ಎಂದುಕೊಂಡವನು. "ಮರಾಠಿ ಅಂದ್ರ ಏನೂ ಇಲ್ಲೋ ತಮ್ಮಾ," ಎಂದಿದ್ದ ಅವನು ಬೀಡಿ ಹಚ್ಚುತ್ತ. "ನಮ್ಮ ಮಾತಿಗೇ ಒಂದು ಬಾಲ ಹಚ್ಚೂದು. ತುಪ್ಪಕ್ಕ ತೂಪ ಅಂತಾರ. ಅಡಕೊತ್ತಿಗೆ ಅಡಕಿತ್ತಾ ಅಂತಾರ. ಅಕ್ಕಗ ಅಕ್ಕಾನೇ ಅಂತಾರ. ಇನ್ನೇನ ಉಳೀತು? ಮಾರಾಕ ಅನ್ನೂದಕ್ಕ ಮಾರಾಯಲಾ." ಆ ಬಾಲದ ವಿದ್ಯೆಯನ್ನು ಧಾರೆಯೆರೆದು ಅವ್ವಣ್ಣ ಮುಂಬಯಿಗೆ ಹೋಗಿಬಿಟ್ಟ. ಇಂಥ ಗುರುಗಳು ಯಾವಾಗಲೂ ಹೀಗೆಯೇ, ಪರೀಕ್ಷೆಯ ಹೊತ್ತಿಗೆ ಊರಲ್ಲಿ ಇರುವುದಿಲ್ಲ.

ಉಸುಕಿನ ಬುಟ್ಟಿ ಹೊತ್ತು ಸೊಂಟ ಕೆಟ್ಟ ಮೇಲೆ ಅಂಬಣ್ಣನಿಗೆ ನೆನಪಾದದ್ದು ಅಪ್ಪನ ಕಸುಬು, ಪುಂಡಿ ನಾರಿನ ಹಗ್ಗ ಹೊಸೆಯುವುದು. ಜೇಜುರಿಯ ಖಂಡೋಬನಿಗೆ ಊರ ಕಡೆಯ ಮಂದಿ ನಡೆದುಕೊಳ್ಳುತ್ತಿದ್ದರು. ಹಾಗೆ ಬರುವಾಗ ಹೆಂಡತಿಯ ಅಣ್ಣ ಗೂಳಪ್ಪ ನಾರಿನ ಹೊರೆ ತಂದು ಹಾಕಿ ಹೋಗುತ್ತಿದ್ದ. ಬಿಬವೇವಾಡಿಯ ಗುಡ್ಡದ ಬುಡದ ತಗಡಿನ ಗುಡಿಸಲಿನ ಮುಂದೆ ಗಂಡ ಹೆಂಡತಿ ಕೂತು ಹೊಸೆಯುತ್ತಿದ್ದರು. ಹೆಂಡತಿ ಹುಲಿಗೆವ್ವನ ಕೈಯ ಬಿಗಿ ಹೇಗಿತ್ತೆಂದರೆ, ಆ ಹಗ್ಗಕ್ಕೆ ಎಮ್ಮೆ ಕಟ್ಟಿದರೆ ಎಮ್ಮೆ ಸಾಯಬೇಕೇ ಹೊರತು ಹಗ್ಗ ಹರಿಯುತ್ತಿರಲಿಲ್ಲ.

ಹಗ್ಗವೇನೋ ಗಟ್ಟಿ. ಆದರೆ ಪುಣೆಯಲ್ಲಿ ಬಾಗಿಲು ತೆರೆಸುವುದೇ ದೊಡ್ಡ ವಿದ್ಯೆ. ಈ ಊರಲ್ಲಿ ದಾರಿ ಕೇಳಿದರೆ ದಾರಿ ಹೇಳುವುದಿಲ್ಲ, ಅಲ್ಲಿ ನಿನಗೇನು ಕೆಲಸ ಎಂದು ಕೇಳುತ್ತಾರೆ. ಮಧ್ಯಾಹ್ನ ಊರಿಗೆ ಊರೇ ಮಲಗುತ್ತದೆ; ಆಗ ಗಂಟೆ ಒತ್ತಬಾರದೆಂದು ಬಾಗಿಲಿಗೆ ಫಲಕ ಬೇರೆ. ಅಂಬಣ್ಣನಿಗೆ ಓದಲು ಬಾರದು. ಚೆಂದದ ಅಕ್ಷರ ಕಂಡರೆ ಸ್ವಾಗತವೆಂದು ತಿಳಿದು ಒತ್ತಿಬಿಡುತ್ತಿದ್ದ. ಒಳಗಿನಿಂದ ಮೂರು ಪ್ರಶ್ನೆ ಬರುತ್ತಿದ್ದವು: "ಕೋಣ? ಕಾಯ ಪಾಹಿಜೇ? ಕುಣೀ ಪಾಠವಲಂ?" ಯಾರು, ಏನು ಬೇಕು, ಯಾರು ಕಳಿಸಿದರು. ಮೂರಕ್ಕೂ ಉತ್ತರ ಬರುವವರೆಗೆ ಬಾಗಿಲು ಬೆರಳಷ್ಟೂ ಸರಿಯದು.

ಸಂಜೆ ರೊಟ್ಟಿ ತಿನ್ನುತ್ತ ಅಂಬಣ್ಣ ಇದನ್ನು ಹೆಂಡತಿಗೆ ಅಣಕ ಮಾಡಿ ತೋರಿಸುತ್ತಿದ್ದ. ತಗಡಿನ ಬಾಗಿಲ ಹಿಂದೆ ನಿಂತು, ಮೂಗಿನಲ್ಲಿ ದನಿ ತೆಗೆದು, "ಕೋಣ?" ಎನ್ನುತ್ತಿದ್ದ. ಹುಲಿಗೆವ್ವ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. "ನಮ್ಮ ಬಾಗಲಕ ಚಿಲಕಾನೇ ಇಲ್ಲ ನೋಡು," ಎಂದು ಅವನು ಜಂಬ ಕೊಚ್ಚುತ್ತಿದ್ದ. "ಕದಿಯಾಕ ಬಂದವ ನಿನ್ನ ಬೈಗಳ ಹೊತಗೊಂಡು ಹೋಗಬೇಕು."

ಮೊದಮೊದಲು ಆ ತಪ್ಪು ಮಾತಿನಿಂದ ಕೇಡೇನೂ ಆಗಲಿಲ್ಲ, ಲಾಭವೇ ಆಯಿತು. ಕೋಥರೂಡದ ಹೊಸ ಕಟ್ಟಡಗಳ ಹೆಂಗಸರು ಬಾಗಿಲ ಸಂದಿಯಿಂದ ಹಗ್ಗ ನೋಡಿ, ಮಾತು ಕೇಳಿ, ಬಿದ್ದು ಬಿದ್ದು ನಗುತ್ತಿದ್ದರು. ಅಲ್ಲಿನ ಒಂದು ಕಟ್ಟಡದ ರಾಧಾಬಾಯಿ ಎಂಬ ಮುದುಕಿ ಕುತ್ತಿಗೆ ಮುಂದೆ ಚಾಚಿ, "ಮಾರ ಬಾಬಾ, ಸುಟಲೇ," ಎನ್ನುತ್ತಿದ್ದಳು. ಕೊಂದುಬಿಡಪ್ಪಾ, ಬಿಡುಗಡೆಯಾಗಲಿ ಎಂದರ್ಥ. ಅಂಬಣ್ಣ ಅದನ್ನು ಆಶೀರ್ವಾದವೆಂದು ತಿಳಿದು ಕೈ ಮುಗಿಯುತ್ತಿದ್ದ. ಅದೇ ಕಟ್ಟಡದ ಮೊದಲ ಮಹಡಿಯ ಸಾವಿತ್ರಿಬಾಯಿಯಂತೂ ನಗು ತಡೆಯದೆ ಚೌಕಟ್ಟು ಹಿಡಿದುಕೊಳ್ಳುತ್ತಿದ್ದಳು. ಆಕೆ ಧಾರವಾಡದವಳು. ಮಾತು ಎಲ್ಲಿ ಎಡವಿದೆ ಎಂದು ಆ ಕಟ್ಟಡದಲ್ಲಿ ಗೊತ್ತಿದ್ದದ್ದು ಆಕೆಯೊಬ್ಬಳಿಗೇ. ಆದರೆ ಹೊರಗೆ ಮರಾಠಿಯನ್ನಷ್ಟೇ ಆಡುವುದು ಆಕೆಯ ರೂಢಿ, ಅಂಬಣ್ಣನೊಡನೆಯೂ ಹಾಗೆಯೇ. ಎಲ್ಲರೂ ನಕ್ಕರು, ಹಗ್ಗ ಕೊಂಡರು, ಒಬ್ಬರೂ ತಿದ್ದಲಿಲ್ಲ. ನಗುವ ಮಂದಿಗೆ ತಿದ್ದುವ ಪುರುಸೊತ್ತು ಎಲ್ಲಿರುತ್ತದೆ?

ಆಮೇಲೆ ತುರ್ತುಪರಿಸ್ಥಿತಿಯ ದಿನಗಳು ಬಂದವು, ಅದರ ನಡುವೆಯೇ ಈ ಊರಿನ ಮೇಲೆ ಬೇರೊಂದು ಭಯ ಕವಿಯಿತು. ಹೊತ್ತು ಮುಳುಗುವಾಗ ಯಾರೋ ಬಾಗಿಲು ತಟ್ಟುತ್ತಾರಂತೆ. ತೆರೆದರೆ ಒಳಗೆ ನುಗ್ಗಿ, ಹಗ್ಗದಿಂದ ಕುತ್ತಿಗೆ ಬಿಗಿದು, ಮನೆಮಂದಿಯನ್ನು ಮುಗಿಸಿ ಹೋಗುತ್ತಾರಂತೆ. ಸುದ್ದಿಯಲ್ಲಿ ನಿಜ ಇತ್ತು, ಸತ್ತವರಿದ್ದರು. ದೀಪ ಹಚ್ಚುವ ಮೊದಲೇ ಊರು ಅಗುಳಿ ಹಾಕಿಕೊಳ್ಳತೊಡಗಿತು. ಸಂಜೆಯ ಸಿನಿಮಾಕ್ಕೆ ಜನ ಇಲ್ಲ. ಗಂಡ ಕಚೇರಿಯಿಂದ ಬಂದರೂ ಹೆಂಡತಿ ಅವನ ಅತ್ತೆಯ ತವರೂರು ಕೇಳಿ, ಉತ್ತರ ಸರಿಯಿದ್ದರೆ ಒಳಗೆ ಬಿಟ್ಟುಕೊಳ್ಳುತ್ತಿದ್ದಳು. ಕೋಥರೂಡದ ಆ ಕಟ್ಟಡದವರು ಸಭೆ ಸೇರಿ ಒಂದು ಠರಾವು ಮಾಡಿದರು: ಅಪಾಯ ಕಂಡವರು ಸ್ಟೀಲಿನ ತಾಟು ಬಡಿಯಬೇಕು, ಕೇಳಿದವರೆಲ್ಲ ತಾವೂ ಬಡಿಯಬೇಕು, ಗಂಡಸರು ಕೈಗೆ ಸಿಕ್ಕಿದ್ದು ಹಿಡಿದು ಕೆಳಗಿಳಿಯಬೇಕು.

ಹುಲಿಗೆವ್ವನಿಗೆ ನಳದ ಹತ್ತಿರ ಸುದ್ದಿ ಸಿಕ್ಕಿತು. "ಮಂದಿ ಅಂಜ್ಯಾರ. ಸ್ವಲ್ಪ ದಿನ ಹೋಗಬ್ಯಾಡ," ಎಂದಳು.

"ಅಂಜಿದವರು ಹಗ್ಗಾ ಕಟ್ಟಿ ಅರಿವಿ ಒಣಗಸೂದಿಲ್ಲೇನು?" ಎಂದ ಅಂಬಣ್ಣ. "ನಾ ಏನ ಕಳ್ಳನ? ನನ್ನ ಮಾರಿ ನೋಡಿದ್ರ ಗೊತ್ತಾಗೂದಿಲ್ಲೇನು?"

ಗೊತ್ತಾಗುತ್ತಿರಲಿಲ್ಲ. ಮುಚ್ಚಿದ ಬಾಗಿಲಿಗೆ ಮುಖ ಕಾಣುವುದಿಲ್ಲ, ದನಿ ಮಾತ್ರ ಕೇಳುತ್ತದೆ. ಹಾವು ಕಚ್ಚಿದವ ಹಗ್ಗ ಕಂಡರೂ ಅಂಜುತ್ತಾನೆ. ಇಲ್ಲಿ ಹಾವಿನ ಭಯ ಹೊತ್ತ ಊರಿಗೆ ಹಗ್ಗದವನೇ ಬಂದು ಕೊಲ್ಲುತ್ತೇನೆ ಎನ್ನುತ್ತಿದ್ದ.

ಆ ದಿನ ಬಿಬವೇವಾಡಿಯಲ್ಲಿ ಬೆಳಿಗ್ಗೆ ತಿರುಗಿ ಒಂದಿಷ್ಟು ಹಗ್ಗ ಮಾರಿ, ಮಧ್ಯಾಹ್ನ ಅಂಬಣ್ಣ ಕೋಥರೂಡಕ್ಕೆ ಹೋದ. ಅಲ್ಲಿ ಒಂದು ಬಾಗಿಲೂ ತೆರೆಯಲಿಲ್ಲ. ಕಿಟಕಿಯಲ್ಲಿ ನಗುತ್ತಿದ್ದ ಕೂಸನ್ನು ಒಂದು ಕೈ ಒಳಗೆಳೆದುಕೊಂಡಿತು. ಕುತ್ತಿಗೆ ಚಾಚುತ್ತಿದ್ದ ರಾಧಾಬಾಯಿ ಬಾಗಿಲ ಹಿಂದೆ ಅಳುತ್ತಿದ್ದಳು. ಪಾಪ, ಮುದುಕಿಗೆ ಕಿವಿ ಮಂದವಾಗಿರಬೇಕು ಎಂದುಕೊಂಡು ಅಂಬಣ್ಣ ಬಾಗಿಲಿಗೆ ಬಾಯಿ ಹಚ್ಚಿ, ಇನ್ನೂ ಗಟ್ಟಿಯಾಗಿ, "ಮಾರಾಯಲಾ ಆಲೋ" ಎಂದ. ಒಳಗೆ ಅಳು ನಿಂತಿತು. ಅವನಿಗೆ ಸಮಾಧಾನವಾಯಿತು.

ಮಾರಾಟ ಆಗದ ಕಾರಣ ಹೊತ್ತು ಮುಳುಗುವವರೆಗೆ ಅಲ್ಲೇ ಉಳಿದ. ಕೊನೆಗೆ ಕೆಳಗಿನ ಮನೆಯ ಗಂಟೆ ಒತ್ತಿದ. ಅಲ್ಲಿ ಹೊಸದಾಗಿ ಮದುವೆಯಾಗಿ ಬಂದ ಇಂದೂ ಒಬ್ಬಳೇ ಇದ್ದಳು.

"ಕೋಣ?"

"ದೋರಿ ಮಾರಾಯಲಾ ಆಲೋ, ತಾಯಿ."

ಮೊದಲು ಒಂದು ಚೀರಾಟ ಕೇಳಿತು. ಹಿಂದೆಯೇ ತಾಟಿನ ಸದ್ದು. ಆಮೇಲೆ ಮೇಲಿನ ಮನೆ, ಪಕ್ಕದ ಮನೆ, ಎದುರಿನ ಕಟ್ಟಡ, ಎಲ್ಲೆಲ್ಲೂ ತಾಟು ಬಡಿಯತೊಡಗಿದವು. ಅಂಬಣ್ಣ ಮುಗಿಲು ನೋಡಿದ. ಅವನ ಊರ ಕಡೆ ಹೀಗೆ ತಾಟು ಬಡಿಯುವುದು ಗ್ರಹಣಕ್ಕೆ; ಗ್ರಹಣ ಹಿಡಿದಿರಬೇಕು ಎನಿಸಿತು ಅವನಿಗೆ. ಗ್ರಹಣದ ಹೊತ್ತಿನಲ್ಲಿ ವ್ಯಾಪಾರ ಮಾಡಬಾರದೆಂದು ಹಗ್ಗ ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತ. ಓಡಿದ್ದರೆ ತಪ್ಪಿಸಿಕೊಳ್ಳುತ್ತಿದ್ದನೋ ಏನೋ, ಪುಣ್ಯಾತ್ಮ ಕೂತ.

ಕ್ರಿಕೆಟ್ ಬ್ಯಾಟು, ಕೊಡೆ, ಒನಕೆ ಹಿಡಿದ ಗಂಡಸರು ಸುತ್ತುವರಿದರು. ಹಗಲೆಲ್ಲ ಕಚೇರಿಯಲ್ಲಿರುವ ಅವರು ಅಂಬಣ್ಣನನ್ನು ಕಂಡವರಲ್ಲ. ಅವರ ಮುಂದಾಳು ಪ್ರಲ್ಹಾದ, ಕಟ್ಟಡದ ಸೆಕ್ರೆಟರಿ, ಇರುವೆ ತುಳಿಯಲೂ ಅಂಜುವ ಗುಮಾಸ್ತ. ಆ ಸಂಜೆ ಅವನೂ ಬ್ಯಾಟು ಹಿಡಿದಿದ್ದ. ಅಂಜಿದವನ ಬ್ಯಾಟು ಧೈರ್ಯವಂತನ ಬ್ಯಾಟಿಗಿಂತ ಅಪಾಯದ್ದು. ಅಂಬಣ್ಣನನ್ನು ಕಂಬಕ್ಕೆ ಒತ್ತಿ ಅವನದೇ ಹಗ್ಗದಿಂದ ಬಿಗಿದರು. ಕೊಸರಾಡಿದ ಅಂಬಣ್ಣನಿಗೆ ಹಗ್ಗ ಒಂದೆಳೆಯೂ ಸಡಿಲಾಗದ್ದು ತಿಳಿಯಿತು. ಹುಲಿಗೆವ್ವನ ಕೈ ಅದು.

"ಕುಣಾಲಾ ಮಾರಾಯಲಾ ಆಲಾಸ?" ಎಂದು ಪ್ರಲ್ಹಾದ ಕೇಳಿದ. ಯಾರನ್ನು ಕೊಲ್ಲಲು ಬಂದೆ?

ಯಾರಿಗೆ ಮಾರಲು ಬಂದೆ ಎಂದು ಕೇಳುತ್ತಿದ್ದಾರೆ, ಅಂಬಣ್ಣನಿಗೆ ಅಷ್ಟು ತಿಳಿಯಿತು. ವ್ಯಾಪಾರದ ಮಾತು ಬಂತಲ್ಲ ಎಂದು ಜೀವ ಬಂದಂತಾಯಿತು. "ಸಗಳ್ಯಾಂನಾ," ಎಂದ. ಎಲ್ಲರಿಗೂ. ಸುತ್ತ ನಿಂತವರು ಕೇಳಿದ್ದು: ಎಲ್ಲರನ್ನೂ.

"ಇದಕ್ಕೂ ಮೊದಲು ಎಲ್ಲಿ?" ಎಂದರು ಅವರ ಮಾತಿನಲ್ಲಿ.

"ಬಿಬವೇವಾಡಿ. ಸಕಾಳೀ ಮಾರಲಾ." ಬೆಳಿಗ್ಗೆ ಮಾರಿದೆ. ಮೆಚ್ಚಲಿ ಎಂದು, ಬೇಕಾದಷ್ಟು ಎಂಬ ಇನ್ನೊಂದು ಮಾತು ಸೇರಿಸಿದ: "ಭರಪೂರ."

ಬ್ಯಾಟಿನ ಏಟು ಬಿತ್ತು. ಭುಜಕ್ಕೆ ಒಂದು, ತಲೆಗೆ ಒಂದು. ಕಣ್ಣಿನ ಮೇಲೆ ಬಿಸಿಯಾಗಿ ರಕ್ತ ಇಳಿಯಿತು. ಅವನು ತನ್ನಲ್ಲಿದ್ದ ಮರಾಠಿಯನ್ನೆಲ್ಲ ಸೇರಿಸಿ, ಉಳಿಸಿರೆಂದು ಬೇಡಿಕೊಂಡ. ಇದ್ದದ್ದು ಒಂದೇ ವಾಕ್ಯ. "ಮಾರಾಯಲಾ ಆಲೋ, ಮಾರಾಯಲಾ ಆಲೋ," ಎಂದು ಅಳುತ್ತ ಹೇಳಿದಷ್ಟೂ ಏಟು ಬೀಳುತ್ತಿತ್ತು. ಕೊನೆಗೆ ಅವನ ಬಾಯಿಂದ ಅವ್ವನ ಭಾಷೆ ಹೊರಟಿತು. "ಯವ್ವಾ, ಸತ್ನೆವ್ವಾ."

ಮೊದಲ ಮಹಡಿಯ ಅಗುಳಿ ಸರಿಯಿತು. ಸಾವಿತ್ರಿಬಾಯಿ ಬರಿಗಾಲಲ್ಲೇ ಕೆಳಗಿಳಿದು ಬಂದು ಪ್ರಲ್ಹಾದನ ಬ್ಯಾಟು ಹಿಡಿದುಕೊಂಡಳು. ಇವನ ಕನ್ನಡದಲ್ಲಿ ಮಾರುವುದೆಂದರೆ ವಿಕಣೇ, ಇವನು ವ್ಯಾಪಾರಕ್ಕೆ ಬಂದವನು, ಎಂದು ಮರಾಠಿಯಲ್ಲಿ ಒದರಿದಳು. ನಿಮಗೆ ಹೇಗೆ ಗೊತ್ತು ಎಂದು ಯಾರೋ ಕೇಳಿದರು. "ನಾನೂ ಕನ್ನಡದವಳು," ಎಂದಳು. ಎಷ್ಟೋ ವರ್ಷ ಜೊತೆಗಿದ್ದವರು ಆಕೆಯ ಮುಖ ನೋಡಿದರು.

ಆಮೇಲೆ ಕೊಡೆ ಹಿಡಿದವನೊಬ್ಬ ನಕ್ಕ. ಅದು ಒಬ್ಬರಿಂದೊಬ್ಬರಿಗೆ ಹತ್ತಿತು. ಅಂಬಣ್ಣನಿಗೆ ಹೊಡೆತಕ್ಕಿಂತ ಆ ನಗುವಿಗೇ ಹೆಚ್ಚು ಅಂಜಿಕೆಯಾಯಿತು. ಗಂಟು ಬಿಚ್ಚಲು ಬಾರದೆ ಈಳಿಗೆ ತಂದು ಹಗ್ಗ ಕೊಯ್ದರು. ಇಂದೂ ಅರಿಶಿನ ತಂದಳು, ಪ್ರಲ್ಹಾದ ಚಹಾ ತರಿಸಿದ.

"ಮಾರಾಯಲಾ ಅಲ್ಲೋ ತಮ್ಮಾ," ಎಂದಳು ಸಾವಿತ್ರಿಬಾಯಿ ಗಾಯಕ್ಕೆ ಅರಿಶಿನ ಒತ್ತುತ್ತ. "ವಿಕಾಯಲಾ. ವಿಕಾಯಲಾ ಆಲೋ ಅನ್ನಬೇಕು."

"ಹಂಗಾರ ಮಾರಾಯಲಾ ಅಂದ್ರ ಏನ್ರೀ ಅವ್ವಾ?"

ಆಕೆ ಹೇಳಿದಳು. ಅಂಬಣ್ಣನ ಕೈಯ ಬಸಿಯಲ್ಲಿ ಚಹಾ ತಣ್ಣಗಾಯಿತು. ಇಷ್ಟು ದಿನ ತಾನು ನಿಂತ ಒಂದೊಂದೇ ಬಾಗಿಲು ಅವನಿಗೆ ನೆನಪಾಗುತ್ತಿತ್ತು. ಮುದುಕಿಯ ಬಾಗಿಲು, ಬಾಣಂತಿಯ ಬಾಗಿಲು.

"ನೀವು ನಕ್ಕಿದ್ರಿ," ಎಂದ.

"ಹೌದು, ನಕ್ಕಿದ್ದೆ," ಎಂದಳು ಸಾವಿತ್ರಿಬಾಯಿ. ಗಾಯಕ್ಕೆ ಇನ್ನಷ್ಟು ಅರಿಶಿನ ಒತ್ತಿದಳು.

ಅವನು ಬಿಬವೇವಾಡಿ ಮುಟ್ಟಿದಾಗ ಹುಲಿಗೆವ್ವ ರೊಟ್ಟಿ ಬಡಿಯುತ್ತಿದ್ದಳು. ಒಲೆಯ ಕಡೆಗೆ ಮುಖ ಮಾಡಿಕೊಂಡೇ ಎಂದಿನಂತೆ ಕೇಳಿದಳು, "ಎಷ್ಟ ಮಾರಿದಿ?"

ಅಂಬಣ್ಣ ಓಡಿಬಂದು ಅವಳ ಬಾಯಿ ಮುಚ್ಚಿದ. "ಆ ಮಾತು ಆಡಬ್ಯಾಡ. ಯಾರರೆ ಕೇಳ್ಯಾರು."

ಹಣೆಯ ಗಾಯ ನೋಡಿ ಅವಳು ಎದೆ ಹಿಡಿದುಕೊಂಡಳು. ಬಿದ್ದೆ ಎಂದ ಅವನು. ಬಾಗಿಲು ಎಳೆದು, ಚಿಲಕವಿಲ್ಲದ ಅದರ ಕೊಂಡಿಯನ್ನು ಪಕ್ಕದ ಗೂಟಕ್ಕೆ ಸೇರಿಸಿ, ಉಳಿದ ಹಗ್ಗವನ್ನು ಸುತ್ತು ಮೇಲೆ ಸುತ್ತು ಹಾಕಿ ಬಿಗಿದ.

ಆಗ ಯಾರೋ ಹೊರಗಿನಿಂದ ತಗಡು ತಟ್ಟಿದರು. ಪಕ್ಕದ ಗುಡಿಸಲಿನ ಪಾರವ್ವ ಬೆಂಕಿಯ ಕೆಂಡಕ್ಕೆ ಬರುವ ಹೊತ್ತು ಅದು.

"ಕೋಣ?" ಎಂದ ಅಂಬಣ್ಣ.

ದಿನದ ಅಣಕವೆಂದು ತಿಳಿದು ಹುಲಿಗೆವ್ವ ಸೆರಗು ಬಾಯಿಗಿಟ್ಟು ನಕ್ಕಳು. ಹೊರಗೆ ಪಾರವ್ವನೂ ನಕ್ಕಳು. ಅಂಬಣ್ಣ ಎರಡೂ ಕೈಯಲ್ಲಿ ಹಗ್ಗದ ಗಂಟು ಹಿಡಿದುಕೊಂಡು, ಬಾಗಿಲಿಗೆ ಕಿವಿಯಿಟ್ಟು, ಎರಡನೆಯ ಪ್ರಶ್ನೆ ಕೇಳಿದ: "ಕಾಯ ಪಾಹಿಜೇ?"