ಹಳೆಯ ತೂಕ ಹೇಳಿದ ಕಂಪ್ಯೂಟರ್

ಕಡೂರಿನ ಕೊಬ್ಬರಿ ಸಂಘದಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಮಲ್ಲಿಕಾಂಬ ಅಜ್ಜಂಪುರದವಳು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಬಸ್ಸು ಹತ್ತಿದಳೆಂದರೆ ಯಾರ ಮುಲಾಜಿಗೂ ಬಗ್ಗುವವಳಲ್ಲ. ಎಂಬತ್ತೊಂಬತ್ತರಲ್ಲಿ ಸಂಘಕ್ಕೆ ಆ ಯಂತ್ರ ಬಂದಾಗ, ತಕ್ಕಡಿಯ ತೂಕ ತಂತಿಯಲ್ಲಿ ಬಂದು ನೇರ ಅದರ ಮೆಮೊರಿಗೆ ಸೇರುವಂತೆ ಪ್ರೋಗ್ರಾಂ ಬರೆದವಳೂ ಅವಳೇ.

ಯಂತ್ರದ ಪರೀಕ್ಷೆಯೂ ನಡೆದದ್ದು ಸಂಘದ ಪದ್ಧತಿಯಂತೆ. ದಿನದ ಮೊದಲ ಚೀಲ ದೇವರದು. ಅದನ್ನು ಇಳಿಸಿ, ಏರಿಸಿ, ಮತ್ತೆ ಮತ್ತೆ ತೂಗಿ ಕೈಮುಗಿಯುವುದು ರೂಢಿ. ಪ್ರತಿ ಸಲವೂ ಪರದೆಯ ಮೇಲೆ ಅದೇ ತೂಕ. ಎಲ್ಲರಿಗೂ ಸಮಾಧಾನ.

ವ್ಯಾಪಾರ ಶುರುವಾದ ದಿನ ರಂಪವಾಯಿತು. ತಕ್ಕಡಿಯ ಮುಳ್ಳು ನೋಡಿ ತೂಕ ಕೂಗುವ ಮುದ್ದಪ್ಪ ಒಂದು ಹೇಳಿದರೆ ಪರದೆ ಇನ್ನೊಂದು ಹೇಳಿತು. ಕಾರ್ಯದರ್ಶಿ ಸೋಮಶೇಖರಪ್ಪ ಸಿಡಿದರು.

"ಸುಳ್ಳು ಕೂಗ್ತೀಯೇನಲೇ? ನಾಳೆಯಿಂದ ಬರ್ಬೇಡ!"

"ಮುಳ್ಳು ತೋರ್ಸಿದ್ನೇ ಕೂಗಿದೀನಿ ಸ್ವಾಮಿ," ಎಂದು ಮುದ್ದಪ್ಪ ತಕ್ಕಡಿಯತ್ತ ಕೈ ತೋರಿದ.

ಮಲ್ಲಿಕಾಂಬಳೂ ಮೊದಲು ಪರದೆಯನ್ನೇ ನಂಬಿದ್ದಳು. ಅಲ್ಲಿರುವುದು ಹಿಂದೆ ತೂಗಿದ್ದ, ತಿಪ್ಪಮ್ಮ ತಂದ ಅರ್ಧ ಚೀಲದ ತೂಕವೆಂದು ಹೊಳೆದದ್ದೇ ಎದ್ದು ನಿಂತಳು.

"ಸಾರ್, ನೀವೇ ಒಂದ್ಸಲ ತಕ್ಕಡಿ ಮೇಲೆ ನಿಂತ್ಕೊಳಿ."

ಡೊಳ್ಳುಹೊಟ್ಟೆಯ ಸೋಮಶೇಖರಪ್ಪ ಗೊಣಗುತ್ತ ಹತ್ತಿದರು. ಪರದೆ ಕದಲಲಿಲ್ಲ.

"ಯಪ್ಪಾ! ತಿಪ್ಪಮ್ಮನ ಅರ್ಧ ಚೀಲದಷ್ಟೇ ಆಗ್ಬಿಟ್ರಲ್ಲ ಸ್ವಾಮಿ!" ಎಂದು ಮುದ್ದಪ್ಪ ಬಾಯಿಬಿಟ್ಟ.

ಮಲ್ಲಿಕಾಂಬ ಬಿಡಿಸಿ ಹೇಳಿದಳು. ತಕ್ಕಡಿ ಹೊಸ ತೂಕವನ್ನು ದೊಡ್ಡ ಮೆಮೊರಿಯಲ್ಲಿ ಇಟ್ಟು ಹೋಗುತ್ತದೆ. ಪ್ರೊಸೆಸರ್ ಮಾತ್ರ ಬೇಗ ಸಿಗಲೆಂದು, ಮೊದಲು ಓದಿದ್ದರ ಒಂದು ಪ್ರತಿಯನ್ನು ಪಕ್ಕದ ಚಿಕ್ಕ ಮೆಮೊರಿಯಲ್ಲಿ ಇಟ್ಟುಕೊಂಡು ಅದನ್ನೇ ನೋಡುತ್ತದೆ. ಹಳೆಯ ಪ್ರತಿ ಎಸೆದು ಮತ್ತೆ ಓದು ಎಂದು ಪ್ರೋಗ್ರಾಂ ಹೇಳಬೇಕಿತ್ತು, ಹೇಳಿರಲಿಲ್ಲ. ಒಂದೇ ಚೀಲವನ್ನು ತೂಗಿ ತೂಗಿ ನೋಡಿದವರಿಗೆ ಇದು ಗೊತ್ತಾಗುವುದಾದರೂ ಹೇಗೆ?

"ಆ ಚಿಕ್ಕ ಮೆಮೊರೀನ ಈಗ್ಲೇ ಆಫ್ ಮಾಡ್ತೀನಿ. ನಾನು ಸರಿಯಾಗಿ ಬರೆಯೋವರ್ಗೂ ನಿಧಾನಕ್ಕೇ ನಡೀಲಿ."

"ಗುರುವಾರ ಉದ್ಘಾಟನೆ ಕಣಮ್ಮ! ದೊಡ್ಡೋರ ಮುಂದೆ ಎತ್ತಿನಗಾಡಿ ಥರ ಹೋದ್ರೆ ನನ್ನ ಮಾನ ಏನಾಗ್ಬೇಕು? ಇದ್ದಂಗೇ ಇರ್ಲಿ. ಮುದ್ದಪ್ಪನ್ನ ಆಮೇಲೆ ನೋಡನ."

"ಆಗಲ್ಲ."

"ಕೆಲ್ಸ ಹೋಗುತ್ತೆ."

"ಹೋಗ್ಲಿ ಬಿಡಿ. ಸುಳ್ಳು ಹೇಳಿದ್ದು ನನ್ನ ಪ್ರೋಗ್ರಾಂ. ಅದಕ್ಕೆ ಮುದ್ದಪ್ಪಣ್ಣ ಮನೆಗೆ ಹೋಗೋದಾದ್ರೆ ನಾನೂ ಹೋಗ್ತೀನಿ. ಯಂತ್ರ ನೀವೇ ನಡೆಸ್ಕೊಳಿ."

ಕಂಪ್ಯೂಟರಿನ ಬೀಗದ ಕೈಯನ್ನು ಮೇಜಿನ ಮೇಲೆ ಕುಟ್ಟಿದಳು. ಸೋಮಶೇಖರಪ್ಪ ಅದನ್ನು ನೋಡಿದರು, ಮುಟ್ಟಲಿಲ್ಲ. ತಕ್ಕಡಿಯಿಂದ ಇಳಿಯುವುದನ್ನೂ ಮರೆತು ನಿಂತಿದ್ದರು.

ಗುರುವಾರ ಯಂತ್ರ ಏದುಸಿರು ಬಿಡುತ್ತಲೇ ನಡೆಯಿತು. ದೊಡ್ಡವರು ಆಕಳಿಸಿದರು. ಮುದ್ದಪ್ಪ ದೇವರ ಚೀಲದ ತೂಕ ಕೂಗಿದ. ತಡವಾಗಿ ಪರದೆಯೂ ಅದನ್ನೇ ಹೇಳಿತು. ಮಲ್ಲಿಕಾಂಬ ಕೈಮುಗಿದಳು. ರೂಢಿಯಂತೆ ಆ ಚೀಲವನ್ನೇ ಮತ್ತೆ ಏರಿಸಲು ಬಂದವರನ್ನು ತಡೆದು, ಬೇರೆಯದನ್ನು ಹಾಕಿಸಿದಳು.

"ಜೋರಾಗಿ ಕೂಗಿ ಮುದ್ದಪ್ಪಣ್ಣ, ಎಲ್ರಿಗೂ ಕೇಳ್ಬೇಕು."