ಕಾಯಬಹುದಾದ ತಲೆಗಳು

ಕಾಲುನೋವಿನಿಂದಲೇ ಶುರು ಮಾಡುತ್ತೇನೆ. ನಾನು ಮಾಡಿದ ತಪ್ಪಿಗೆ ಈಗಲೂ ಹೇಳಿಕೊಳ್ಳಲು ಇರುವ ನೆಪ ಅದೊಂದೇ.

ಯುದ್ಧ ನಡೆಯುತ್ತಿದ್ದ ವರ್ಷಗಳು. ಹೊಸೂರಿನಿಂದ ಕೃಷ್ಣಗಿರಿಗೆ ಹೋಗುವ ದಾರಿಯಲ್ಲಿ ಯಾರೋ ಪುಣ್ಯಾತ್ಮರು ಕಟ್ಟಿಸಿದ್ದ ಒಂದು ಚಿಕ್ಕ ಆಸ್ಪತ್ರೆಯಲ್ಲಿ ನಾನು ನರ್ಸಾಗಿದ್ದೆ. ಆ ಚಳಿಗಾಲ ಪ್ಲೇಗು ಬಂತು. ಊರೂರಲ್ಲೂ ಇಲಿ ಸತ್ತು ಬಿತ್ತು. ಇಲಿ ಬಿದ್ದ ಮೇಲೆ ಮನೆಯಲ್ಲಿ ಇರುವ ಹಾಗಿಲ್ಲ. ಜನ ಪಾತ್ರೆ ಪಡಗ, ಕುರಿ ಕೋಳಿ ಎಲ್ಲ ಹೊತ್ತುಕೊಂಡು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಇದು ಲೋಕವನ್ನೆಲ್ಲ ಸುತ್ತಿಕೊಂಡು ಬಂದ ರೋಗ ಎಂದು ಡಾಕ್ಟರು ಹೇಳುತ್ತಿದ್ದರು. ನನಗೆ ಲೋಕ ಅಂದರೆ ಆ ವಾರ್ಡು, ಅಷ್ಟೆ. ಆಪರೇಷನ್ ಕೋಣೆಯ ಮೇಜು ಹೊರಗೆ ಹಾಕಿ ಅಲ್ಲೂ ಪ್ಲೇಗಿನವರಿಗೆ ಚಾಪೆ ಹಾಸಿದ್ದೆವು. ಕೂತು ಉಂಡ ನೆನಪು ನನಗಿಲ್ಲ. ನಿಂತೇ ಎರಡು ತುತ್ತು ನುಂಗಿ ಮತ್ತೆ ಓಡುವುದು.

ಡಾಕ್ಟರು ಮದರಾಸಿನ ಕಡೆಯವರು, ತಮಿಳರು. ಕನ್ನಡ ಕಲಿತಿದ್ದರು, ಆದರೆ ಸಿಟ್ಟು ಬಂದರೆ, ಬೇಸರವಾದರೆ ತಮಿಳಿಗೆ ಜಾರುತ್ತಿದ್ದರು. ಅವರಿಗೆ ತಲೆಯ ಆಪರೇಷನ್‌ನಲ್ಲಿ ಕೈ ಪಳಗಿತ್ತು. ತಲೆಗೆ ಪೆಟ್ಟು ಬಿದ್ದರೆ ಕೆಲವರಿಗೆ ಬುರುಡೆಯ ಒಳಗೆ ನಿಧಾನವಾಗಿ ರಕ್ತ ಸೇರುತ್ತದೆ, ಅದು ಮಿದುಳನ್ನು ಅದುಮುತ್ತದೆ. ಮೊದಲು ತಲೆನೋವು, ಆಮೇಲೆ ಮಂಪರು, ಆಮೇಲೆ ಕೈಕಾಲು ಬೀಳುವುದು. ಬುರುಡೆಗೆ ಒಂದು ಚಿಕ್ಕ ತೂತು ಹಾಕಿ ಆ ರಕ್ತ ಹೊರಗೆ ಬಿಟ್ಟರೆ ಮನುಷ್ಯ ಎದ್ದು ಕೂತು ಗಂಜಿ ಕೇಳುತ್ತಾನೆ. ನಾನೇ ಕಣ್ಣಾರೆ ಕಂಡಿದ್ದೆ. ಪ್ಲೇಗು ಬಂದ ಮೇಲೆ ಅದೆಲ್ಲ ನಿಂತುಹೋಯಿತು. ತಲೆ ಪೆಟ್ಟಿನವರು ಬಂದರೆ ಕಟ್ಟು ಕಟ್ಟಿ, ಪ್ಲೇಗಿನವರ ಮಧ್ಯೆ ಮಲಗಿಸುವುದಕ್ಕಿಂತ ಮನೆಯೇ ವಾಸಿ ಅಂತ ವಾಪಸು ಕಳಿಸುತ್ತಿದ್ದೆವು. ಬೆಂಗಳೂರಿಗೆ ಹೋಗಿ ಅನ್ನೋಣವೆಂದರೆ ಜೂಜುವಾಡಿಯ ಗಡಿಯಲ್ಲಿ ಮೈಸೂರು ಸಂಸ್ಥಾನದವರು ಪ್ಲೇಗಿನ ಊರಿನ ಗಾಡಿಗಳನ್ನು ಹಾಗೇ ಹಿಂದಕ್ಕೆ ತಿರುಗಿಸುತ್ತಿದ್ದರು.

ಹೀಗೆ ವಾಪಸು ಹೋದವರು ಏನಾದರು? ಇದು ಡಾಕ್ಟರನ್ನು ಕೊರೆಯತೊಡಗಿತು. ಒಂದು ಬೆಳಗ್ಗೆ ಅವರು ಒಂದೂವರೆ ಪುಟ ಹೆಸರು ಬರೆದ ಪಟ್ಟಿಯನ್ನು ನನ್ನ ಕೈಗಿಟ್ಟರು.

"ನೋಡಮ್ಮಾ, ಒಬ್ಬೊಬ್ಬರನ್ನೂ ಹುಡುಕಿ, ನೀನೇ ಕಣ್ಣಲ್ಲಿ ನೋಡಿ ಬರಬೇಕು. ಮನೆಯಲ್ಲೇ ಇದ್ದವರು ಚೆನ್ನಾಗಿದ್ದರೆ, ಪ್ಲೇಗು ಮುಗಿಯೋ ತನಕ ತಲೆ ಆಪರೇಷನ್ ಕಾಯಬಹುದು. ಇಲ್ಲ ಅಂದರೆ ಹೊರಗೆ ಡೇರೆ ಹಾಕಿಯಾದರೂ ನಾನು ಮಾಡಲೇಬೇಕು. ಮದರಾಸಿನಲ್ಲಿ ನನ್ನ ಗುರುಗಳಿಗೂ ಬರೀತೀನಿ. ನಮ್ಮ ಹಾಗೆ ಒದ್ದಾಡುತ್ತಿರೋ ಡಾಕ್ಟರುಗಳು ಎಷ್ಟೋ ಜನ ಇದ್ದಾರೆ."

ವಾರ್ಡಿನಲ್ಲಿ ಸಾಯುವಷ್ಟು ಕೆಲಸ, ಅದರ ಮೇಲೆ ಇದು ಬೇರೆ. ನನ್ನ ಬಾಯಿ ಮೊದಲಿಂದಲೂ ಚುರುಕು. "ನನ್ನ ಕಾಲು ಬಿದ್ದುಹೋದ ಮೇಲೆ ನನ್ನನ್ನೂ ಪಟ್ಟಿಗೆ ಸೇರಿಸಿಕೊಳ್ಳಿ ಸಾರ್" ಅಂದೆ. ಅವರು ನಗಲಿಲ್ಲ, ಪಾಪ. ಅವರಿಗೂ ನಿದ್ದೆಯಿಲ್ಲ.

ಮೊದಲ ಕೆಲವು ಮನೆಗಳನ್ನು ಚೆನ್ನಾಗಿಯೇ ನೋಡಿದೆ. ಗುಡಿಸಲಿನ ಒಳಗೆ ಬಗ್ಗಿ ಹೋಗಿ, ಮಾತಾಡಿಸಿ, ಕಣ್ಣರೆಪ್ಪೆ ಎತ್ತಿ ನೋಡಿದೆ. ಆಮೇಲೆ ಸಾಕಾಯಿತು. ಊರಿಗೆ ಹೋದರೆ ಊರಲ್ಲಿ ನರಪಿಳ್ಳೆಯಿಲ್ಲ. ಯಾವ ಮನೆಯವರು ಯಾವ ಹೊಲದಲ್ಲಿ ಇದ್ದಾರೋ ದೇವರೇ ಬಲ್ಲ. ಬದುವಿನ ಮೇಲೆ ಮೈಲಿಗಟ್ಟಲೆ ನಡೆದು ಗುಡಿಸಲು ಕಂಡರೆ, ನನ್ನ ಬಿಳಿ ಸೀರೆ ನೋಡಿದ ಕೂಡಲೇ ಮನೆಯವರು ದಾರಿಗೇ ಎದುರು ಬಂದು ನಿಲ್ಲುವುದು.

"ಚೆನ್ನಾಗವ್ನೆ ಕಣ್ ನರ್ಸಮ್ಮ. ಕಣದಾಗೆ ರಾಗಿ ಬಡೀತಾವ್ನೆ. ನೀವು ಹೋಗ್ಬನ್ನಿ, ಬಿಸ್ಲು ಜಾಸ್ತಿ."

ಅವರು ಯಾಕೆ ಹೀಗನ್ನುತ್ತಾರೆ ಅಂತ ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಯಾವ ಸಾವೇ ಆಗಲಿ, ಆಸ್ಪತ್ರೆಯವರ ಕಿವಿಗೆ ಬಿದ್ದರೆ ಅದು ಪ್ಲೇಗಿನ ಸಾವಾಗುತ್ತದೆ. ಹೆಲ್ತ್ ಇನ್ಸ್‌ಪೆಕ್ಟರ್ ಬರುತ್ತಾನೆ, ಮನೆಯ ಹೆಂಚು ಇಳಿಸುತ್ತಾನೆ, ಹಾಸಿಗೆ ಕಂಬಳಿಗೆ ಬೆಂಕಿ ಹಾಕಿಸುತ್ತಾನೆ. ಹಾಗಾಗಿ ಆಸ್ಪತ್ರೆಯವರು ಕೇಳಿದರೆ ಎಲ್ಲರೂ ಚೆನ್ನಾಗಿದ್ದಾರೆ. ನಾನು ಚಿಕ್ಕವಳಿದ್ದಾಗ ನಮ್ಮ ಅಜ್ಜಿ ತೀರಿಹೋದಾಗ ನಮ್ಮಪ್ಪನೂ ಹಾಗೇ ಹೇಳಿದ್ದ. ನಾನು ಆ ಜನದವಳೇ.

ಒಬ್ಬ ತಾಯಿ ತನ್ನ ಮಗ ಕೃಷ್ಣಗಿರಿಗೆ ಮಾವಿನಕಾಯಿ ಕೀಳಲು ಹೋಗಿದ್ದಾನೆ ಅಂದಳು. ಅವರೆಕಾಯಿ ಸೊಗಡು ಊರೆಲ್ಲ ಹಬ್ಬಿರುವ ತಿಂಗಳಲ್ಲಿ ಮಾವಿನಕಾಯಿ! ನಾನು ಅವಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಲಿಲ್ಲ. ಗುಡಿಸಲು ಎರಡು ಹೊಲ ಆಚೆಗಿತ್ತು, ನನ್ನ ಹಿಮ್ಮಡಿ ಒಡೆದು ರಕ್ತ ಬರುತ್ತಿತ್ತು. ಅಲ್ಲೇ ಬದುವಿನ ಮೇಲೆ ಕೂತು ಅವನ ಹೆಸರಿನ ಮುಂದೆ 'ಗುಣ' ಎಂದು ಬರೆದೆ. ಆಮೇಲೆ ಉಳಿದವರ ಮುಂದೆಯೂ ಹಾಗೇ ಬರೆಯುತ್ತಾ ಹೋದೆ.

ಪಟ್ಟಿ ನೋಡಿ ಡಾಕ್ಟರಿಗೆ ಎಷ್ಟು ಸಂತೋಷವಾಯಿತೆಂದರೆ, ನನಗೇ ಕಾಫಿ ತರಿಸಿಕೊಟ್ಟರು. ಡೇರೆ ಬೇಡ, ತಲೆಗಳು ಕಾಯಬಹುದು ಎಂದು ತೀರ್ಮಾನವಾಯಿತು. ಮದರಾಸಿಗೆ ಕಾಗದವೂ ಹೋಯಿತು. ನನಗೂ ಹಾಯೆನಿಸಿತು. ನಾಚಿಕೆಗೇಡು ಮಾತು, ಆದರೂ ಹೇಳುತ್ತೇನೆ: ನಾಲ್ಕು ದಿನ ಕಳೆಯುವಷ್ಟರಲ್ಲಿ ನನ್ನ ಪಟ್ಟಿಯನ್ನು ನಾನೇ ನಂಬತೊಡಗಿದ್ದೆ.

ಅದೇ ವಾರ ಮತ್ತಿಗಿರಿ ಪಕ್ಕದ ನಮ್ಮೂರಲ್ಲೂ ಇಲಿ ಬಿತ್ತು. ನನ್ನ ಅಣ್ಣ ಹೊಲದಲ್ಲಿ ಗುಡಿಸಲು ಕಟ್ಟುವಾಗ ಮೇಲೇರಿಸುತ್ತಿದ್ದ ತೊಲೆ ಜಾರಿ ಅವನ ತಲೆಗೆ ಬಡಿಯಿತು.

ಈ ಅಣ್ಣನ ವಿಷಯ ಒಂದು ಮಾತು ಹೇಳಬೇಕು. ನಾನು ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಾಗ, ನೆಂಟರೆಲ್ಲ ಸೇರಿ ನನ್ನನ್ನು ಒಲೆ ಮುಂದೆ ಕೂರಿಸಲು ನೋಡಿದರು. ಅಣ್ಣ ಎದ್ದು ನಿಂತು, "ನನ್ ತಂಗಿ ಮೂಲೇಲಿ ಕೂರೋಳಲ್ಲ ಕಣ್ರಲಾ, ನಿಮ್ ಕೆಲ್ಸ ನೋಡ್ಕೊಂಡೋಗ್ರಿ" ಅಂತ ಅವರ ಬಾಯಿ ಮುಚ್ಚಿಸಿ, ತಾನೇ ಗಾಡಿ ಕಟ್ಟಿ ನನ್ನನ್ನು ನರ್ಸ್ ತರಬೇತಿಗೆ ಬಿಟ್ಟುಬಂದ. ನಾನು ಇವತ್ತು ಉಣ್ಣುವ ಅನ್ನ ಅವನದು.

ಪೆಟ್ಟು ಬಿದ್ದ ಮಾರನೆ ದಿನ ಅಣ್ಣ ನಡೆದುಕೊಂಡೇ ಆಸ್ಪತ್ರೆಗೆ ಬಂದ. "ನಮ್ದು ರಾಗಿ ತಿಂದ ತಲೆ ಕಣವ್ವಾ, ತೊಲೇನೇ ಬಿರುಕು ಬಿಟ್ಟೈತೆ" ಅಂತ ನಕ್ಕ. ಡಾಕ್ಟರು ನೋಡಿ, ಮನೆಯಲ್ಲೇ ಇರಲಿ, ಕಾಯಬಹುದು ಅಂದರು. ನಾನೂ ಹೂಂ ಅಂದೆ. ಅವನನ್ನು ಆ ವಾರ್ಡಿನ ಗಾಳಿಗೆ ಬಿಡಲು ನನಗೂ ಮನಸ್ಸಿರಲಿಲ್ಲ.

ಎರಡು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಅತ್ತಿಗೆ ಒಬ್ಬಳೇ ಬಂದಳು. ಬೆವರು ಕೂಡ ಒರೆಸಿಕೊಳ್ಳದೆ ಹೇಳಿದಳು: "ನಿಮ್ಮಣ್ಣ ಹಗಲೊತ್ತೂ ಮಲ್ಗೇ ಇರ್ತಾನೆ ಕಣವ್ವಾ. ಎಬ್ಬಿಸಿದ್ರೆ ಯಾರೋ ಅನ್ನೋ ಹಂಗೆ ನೋಡ್ತಾನೆ. ನಿನ್ನೆ ಮುದ್ದೆ ಮುರ್ಯಕ್ಕೋಗಿ ಕೈಯಿಂದ ಜಾರಿಸ್ಬುಟ್ಟ."

ಕೈಲಿದ್ದ ಕೆಲಸ ಅಲ್ಲೇ ಬಿಟ್ಟೆ. ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಮೇಜಿನ ಖಾನೆಯಿಂದ ನನ್ನದೇ ಪಟ್ಟಿ ತೆಗೆದರು. ಬೆರಳಿಟ್ಟು ಓದಿದರು. "ಇವರಿಗೂ ಮಂಪರು ಇತ್ತು, ಗುಣ. ಇವರಿಗೆ ಕೈ ಸೋತಿತ್ತು, ಗುಣ. ನೀನೇ ನೋಡಿ ಬಂದಿದ್ದೀಯಲ್ಲಮ್ಮಾ, ಯಾಕೆ ಹೆದರುತ್ತೀಯ? ಈ ಹೊತ್ತಿನಲ್ಲಿ ಅವರನ್ನು ಪ್ಲೇಗಿನ ಮಧ್ಯೆ ತಂದು ಮಲಗಿಸೋದು ಬೇಡ. ಇನ್ನೊಂದು ವಾರ ನೋಡೋಣ."

ಆ ಪಟ್ಟಿ ನಂಬಬೇಡಿ ಎಂದು ನಾನು ಅಲ್ಲೇ ಹೇಳಬೇಕಿತ್ತು, ಹೇಳಲಿಲ್ಲ. ಕೆಲಸ ಹೋದೀತು ಅನ್ನುವ ಭಯವೋ, ಇಷ್ಟು ನಂಬಿದ ಮನುಷ್ಯನ ಮುಂದೆ ಸುಳ್ಳಿ ಅನ್ನಿಸಿಕೊಳ್ಳುವ ನಾಚಿಕೆಯೋ, ಬರೀ ಆಯಾಸವೋ, ಎಷ್ಟು ಯೋಚಿಸಿದರೂ ಇವತ್ತಿಗೂ ಬಗೆಹರಿಯುತ್ತಿಲ್ಲ. ಅತ್ತಿಗೆ ಸಮಾಧಾನದಿಂದ ನಿಟ್ಟುಸಿರು ಬಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು ಹೋದಳು. ಆ ದಿನ ಸುಮ್ಮನಿದ್ದೆ. ಮಾರನೆ ದಿನವೂ ಸುಮ್ಮನಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ.

ಮೂರನೆಯ ದಿನ ಬೆಳಗ್ಗೆ ಡಾಕ್ಟರು ಕೈ ತೊಳೆಯುತ್ತಿದ್ದಾಗ ಹೋಗಿ ನಿಂತು, "ಆ ಪಟ್ಟಿ ಸುಳ್ಳು ಸಾರ್" ಅಂದೆ.

ಅವರು ನಲ್ಲಿಯ ಕೆಳಗಿನ ಕೈ ತೆಗೆಯಲಿಲ್ಲ. "ಕಣ್ಣಾಲೆ ಪಾಕ್ಕಲಿಯಾಮ್ಮಾ?" ಎಂದು ಮೆಲ್ಲಗೆ ಕೇಳಿದರು. ಕಣ್ಣಲ್ಲಿ ನೋಡಲಿಲ್ಲವೇ ಎಂದು.

"ಮೊದಲ ಕೆಲವರನ್ನು ನೋಡಿದೆ. ಉಳಿದದ್ದು ಅವರು ಹೇಳಿದ್ದನ್ನು ಬರೆದೆ. ನಂಬಬಾರದು ಅಂತ ಗೊತ್ತಿದ್ದೂ ಬರೆದೆ."

ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಕೈ ಒರೆಸಿಕೊಂಡು ಹೊರಗೆ ಹೋಗಿ, ಜವಾನನನ್ನು ಕೂಗಿ, ಹೊಂಗೆ ಮರದ ಕೆಳಗೆ ಡೇರೆ ಹಾಕಿಸಿದರು. ಪ್ಲೇಗಿನವರ ಹತ್ತಿರ ಹೋಗದೆ ಇದ್ದ ಒಬ್ಬ ಕಾಂಪೌಂಡರನ್ನು ಆಪರೇಷನ್‌ಗೆ ಸಹಾಯಕ್ಕೆಂದು ಗುರುತು ಮಾಡಿದರು. ನನಗೆ, ನೀರಿಗೆ ರೋಗಾಣು ಸಾಯುವ ಲೈಸಾಲ್ ಹಾಕಿ ಸ್ನಾನ ಮಾಡಿ ಬಾ ಅಂದರು. ಗಾಡಿ ನಮ್ಮೂರಿಗೆ ಹೊರಟಿತು.

ಅಣ್ಣನನ್ನು ತಂದಾಗ ಅವನಿಗೆ ಎಚ್ಚರವಿರಲಿಲ್ಲ. ಅವನ ತಲೆ ಬೋಳಿಸಿದವಳು ನಾನೇ, ಎರಡೂ ಕೈಯಲ್ಲಿ ಅಲುಗದಂತೆ ಹಿಡಿದುಕೊಂಡವಳೂ ನಾನೇ. ಡಾಕ್ಟರು ತೂತು ಕೊರೆದು ಒಳಪೊರೆ ಸೀಳಿದಾಗ ಕಪ್ಪು ರಕ್ತ ಬೆಲ್ಲದ ಪಾಕದ ಹಾಗೆ ಇಳಿಯಿತು. ಇಳಿಯುತ್ತಲೇ ಇತ್ತು. ಅದು ನಿಲ್ಲುವ ಹೊತ್ತಿಗೆ ಅಣ್ಣ ಸರಿಯಾಗಿ ಉಸಿರಾಡತೊಡಗಿದ್ದ. ಮೂರು ದಿನ ಬಿಟ್ಟು ಕಣ್ಣು ಬಿಟ್ಟ. ನನ್ನ ಗುರುತು ಹಿಡಿದ. ಆದರೆ ಬಲಗೈ ಏಳಲಿಲ್ಲ. ಮಾತು ಬರಲಿಲ್ಲ. "ಎರಡು ದಿನ ಮೊದಲೇ ತೆಗೆದಿದ್ದರೆ ಬರುತ್ತಿತ್ತೋ ಏನೋ" ಎಂದರು ಡಾಕ್ಟರು. ನನಗೆ ಚುಚ್ಚಲು ಅಂದದ್ದಲ್ಲ, ತಮಗೆ ತಾವೇ ಹೇಳಿಕೊಂಡಿದ್ದು. ಆದರೂ ಆ ಎರಡು ದಿನ ನನ್ನವು.

ಅವನು ಊರಿಗೆ ಹೋದ ಮೇಲೆ ಡಾಕ್ಟರು ಹೊಸ ಕಾಗದದ ಮೇಲೆ ಅದೇ ಹೆಸರುಗಳನ್ನು ಮತ್ತೆ ಬರೆದರು, ಕೊನೆಗೆ ಅಣ್ಣನದನ್ನೂ. ಈ ಸಲ ಮೂರೇ ಕೆಲಸ: ಹೆಸರು ಹೇಳಿಸುವುದು, ನಾಲ್ಕು ಹೆಜ್ಜೆ ನಡೆಸುವುದು, ಎರಡೂ ಕೈ ಮೇಲೆತ್ತಿಸುವುದು. ಯಾವ ಊರಿನವರು ಎಂದು ಬರೆಯಬೇಡ, ಇನ್ಸ್‌ಪೆಕ್ಟರಿಗೆ ಇದು ಹೋಗುವುದಿಲ್ಲ ಎಂದರು. ನಾನು ಬಿಳಿ ಸೀರೆ ಬಿಚ್ಚಿಟ್ಟು ಮನೆಯ ಸೀರೆ ಉಟ್ಟು ಹೋದೆ. ಹೋದ ಕಡೆಯೆಲ್ಲ ಮೊದಲು ನನ್ನ ಕಥೆ ಹೇಳಿದೆ. "ನಾನು ಸುಳ್ಳು ಬರೆದೆ. ನಮ್ಮಣ್ಣನ ಮಾತು ಹೋಯಿತು. ನೀವು ನಿಜ ಹೇಳಿ, ನಿಮ್ಮ ಹೆಂಚಿಗೆ ಯಾರೂ ಕೈ ಹಾಕಲ್ಲ."

ಮಾವಿನಕಾಯಿಯ ಕಥೆ ಹೇಳಿದ್ದ ತಾಯಿ ಹೊಲದ ಮೂಲೆಯಲ್ಲಿ ಹೊಸ ಮಣ್ಣಿನ ದಿಬ್ಬ ತೋರಿಸಿದಳು. ನಾನು ಮೊದಲ ಸಲ ಹೋದಾಗಲೇ ಮಗ ತೀರಿಹೋಗಿ ಎಂಟು ದಿನವಾಗಿತ್ತಂತೆ. "ಬಾಯ್ಬುಟ್ಟು ಅಳಕ್ಕೂ ಆಗ್ಲಿಲ್ಲ ಕಣವ್ವಾ, ಯಾರಾದ್ರೂ ಕೇಳಿಸ್ಕಂಡಾರು ಅಂತ" ಅಂದಳು. ಆಮೇಲೆ ಅತ್ತಳು. ಅವಳು ಅಳುವಷ್ಟು ಹೊತ್ತು ನಾನು ಪಕ್ಕದಲ್ಲಿ ಕೂತಿದ್ದೆ, ನನಗೆ ಮಾಡಲು ಬೇರೇನೂ ಇರಲಿಲ್ಲ. ಅಂಥ ಮನೆಗಳು ಇನ್ನೂ ಇದ್ದವು. ನಿಜವಾಗಿ ಗುಣವಾದವರೂ ಇದ್ದರು, ಇಲ್ಲವೆನ್ನುವುದಿಲ್ಲ. ಡೇರೆ ಮಾತ್ರ ಆ ಪ್ಲೇಗು ಮುಗಿಯುವವರೆಗೂ ಬಿಚ್ಚಲಿಲ್ಲ. ಅದರಲ್ಲಿ ಕೆಲವರು ಎದ್ದು ಕೂತು ಗಂಜಿ ಕೇಳಿದರು. ಡಾಕ್ಟರು ಮದರಾಸಿಗೆ ಇನ್ನೊಂದು ಕಾಗದ ಬರೆದರು. ಅದಕ್ಕೆ ಏನು ಉತ್ತರ ಬಂತೋ ನಾನು ಕೇಳಲಿಲ್ಲ.

ಕೊನೆಗೆ ಅಣ್ಣನ ಗುಡಿಸಲಿಗೆ ಹೋದೆ. ಅವನು ಬಾಗಿಲ ಹತ್ತಿರ ಬಿಸಿಲಿಗೆ ಕೂತಿದ್ದ. ನನ್ನ ಕೈಯ ಕಾಗದ ನೋಡಿ ಅತ್ತಿಗೆ ಹತ್ತಿರ ಬಂದು ಪಿಸುಗುಟ್ಟಿದಳು: "ಚೆನ್ನಾಗವ್ನೆ ಅಂತ್ಲೇ ಬರ್ಕೊಳವ್ವಾ. ನಮ್ಮಿಂದ ನಿನ್ ಕೆಲ್ಸಕ್ಕೆ ಕಲ್ಲು ಬೀಳದು ಬ್ಯಾಡ."

ಅವಳಿಗೆ ನಾನು ಎಲ್ಲವನ್ನೂ ಹೇಳಿದ್ದೆ. ಅಣ್ಣನಿಗೂ ಹೇಳಿದ್ದೆ, ಅವನಿಗೆ ಎಷ್ಟು ಅರ್ಥವಾಗಿತ್ತೋ. ಅವನ ಮುಂದೆ ಕುಕ್ಕರಗಾಲಲ್ಲಿ ಕೂತು, "ಅಣ್ಣಾ, ಎರಡೂ ಕೈ ಎತ್ತು" ಅಂದೆ.

ಅವನು ನನ್ನನ್ನೇ ನೋಡಿದ. ಆಮೇಲೆ ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು, ಎರಡನ್ನೂ ಒಟ್ಟಿಗೆ ತಲೆಯ ಮೇಲಕ್ಕೆ ಎತ್ತಿದ. ಎತ್ತಿ ಹಾಗೇ ಹಿಡಿದುಕೊಂಡು, ಬರ್ಕೋ ಅನ್ನುವ ಹಾಗೆ ನನ್ನ ಕಾಗದದ ಕಡೆಗೆ ಗದ್ದ ಆಡಿಸಿದ.

ನಾನು ಬರೆಯುವ ತನಕ ಅವನು ಕೈ ಇಳಿಸುವವನಲ್ಲ ಅಂತ ನನಗೆ ಗೊತ್ತಿತ್ತು. 'ಬಲಗೈ ಏಳುವುದಿಲ್ಲ' ಎಂದು ಬರೆದೆ. ಓದು ಬಾರದ ನನ್ನಣ್ಣ ಆ ಅಕ್ಷರಗಳನ್ನು ನೋಡಿ, ತಂಗಿಯ ಕೆಲಸ ಉಳಿಯಿತು ಅಂದುಕೊಂಡು ನಕ್ಕು, ಕೈ ಇಳಿಸಿದ.